ವಿಮಾನದ ಚಿತ್ರವುಳ್ಳ ಬಟ್ಟಲು

ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪಿಂಗಾಣಿ ಬಟ್ಟಲು. ಅದರೊಳಗೆ ಹೊಂಬಣ್ಣದ ನಕ್ಷತ್ರ, ಚೆರ್ರಿ ಹೂವು, ನಡುವೆ ಜೋಡಿ ರೆಕ್ಕೆಯ ಹಳೆಯ ವಿಮಾನ. ಅಕ್ಕಿಯಿಂದ ತಯಾರಿಸುವ ಸಾಕೆ ಎಂಬ ಮದ್ಯವನ್ನು ಜಪಾನೀಯರು ಇಂಥ ಬಟ್ಟಲಿನಲ್ಲಿ ಕುಡಿಯುವರು. ಕುಡಿತದ ಪಾತ್ರೆಗೆ ಗೃಹಸ್ಥರ ಪತ್ರಿಕೆಯಲ್ಲಿ ಸ್ಥಾನವೇಕೆಂದು ವಾಚಕರು ಹುಬ್ಬುಗಂಟಿಕ್ಕಬಾರದು. ಸಂಗ್ರಹಕಾರರು ಇದನ್ನು ಯುದ್ಧದ ವಸ್ತುವೆಂದು ಕೊಳ್ಳುವರು. ನಿಜವಾಗಿ ಇದು ಮನೆಯ ವಸ್ತು.

ಜಪಾನಿನಲ್ಲಿ 1873ರಲ್ಲಿ ಕಡ್ಡಾಯ ಸೈನ್ಯಸೇವೆಯು ಜಾರಿಗೆ ಬಂದಿತು. ಹುಡುಗನು ದಂಡಿಗೆ ಹೊರಟಾಗ ನೆಂಟರೂ ನೆರೆಯವರೂ ಕಾಣಿಕೆಯಿತ್ತು ಬೀಳ್ಕೊಡುತ್ತಿದ್ದರು. ಅವಧಿಯನ್ನು ಮುಗಿಸಿ ಬಂದವನು ಆ ಋಣವನ್ನು ತೀರಿಸುವುದಕ್ಕಾಗಿ ತನ್ನ ಪಡೆಯ ಹೆಸರನ್ನೂ, ಹಲವು ವೇಳೆ ತನ್ನ ಹೆಸರನ್ನೂ ಬರೆಯಿಸಿದ ಬಟ್ಟಲುಗಳನ್ನು ಅವರಿಗೆ ಹಂಚುತ್ತಿದ್ದನು. ನಮ್ಮಲ್ಲಿ ಉಡುಗೊರೆಯ ಪಾತ್ರೆಗಳ ಮೇಲೆ ಹೆಸರು ಕೊರೆಯಿಸುವುದಿಲ್ಲವೆ, ಹಾಗೆ.

ಪದಾತಿಗಳ ಬಟ್ಟಲುಗಳು ಹೇರಳ. ವಿಮಾನದವು ವಿರಳ, ಆದುದರಿಂದ ಬೆಲೆಯೂ ಹೆಚ್ಚು. ಜಪಾನಿನಲ್ಲಿ ವಿಮಾನವು ಮೊದಲು ಹಾರಿದುದೇ 1910ರ ಡಿಸೆಂಬರಿನಲ್ಲಿ, ತೋಕ್ಯೋದ ಯೊಯೊಗಿ ಮೈದಾನದಲ್ಲಿ. ಬಟ್ಟಲಿನ ಕಾಲವನ್ನು ತಿಳಿಯಲು ಚಿತ್ರಕ್ಕಿಂತಲೂ ಬರಹವೇ ನಂಬತಕ್ಕುದು. ಭೂಸೇನೆಯ ವಿಮಾನದಳಗಳಿಗೆ 1925ರಲ್ಲಿ ‘ಹಿಕೋ ರೆಂತಾಯ್’, ಎಂದರೆ ವಿಮಾನ ರೆಜಿಮೆಂಟು, ಎಂಬ ಹೆಸರಾಯಿತು. 1938ರಲ್ಲಿ ವ್ಯವಸ್ಥೆಯು ಮಾರ್ಪಟ್ಟು ‘ಸೆಂತಾಯ್’ ಎಂಬ ಹೆಸರು ಬಂದಿತು. ‘ರೆಂತಾಯ್’ ಎಂದು ಬರೆದ ವಿಮಾನದ ಬಟ್ಟಲು ಹೆಚ್ಚುಕಡಿಮೆ ಆ ನಡುಗಾಲದ್ದು. ನಕ್ಷತ್ರವು ಭೂಸೇನೆಯ ಗುರುತು, ಲಂಗರು ನೌಕಾಸೇನೆಯದು. ಎರಡಕ್ಕೂ ಬೇರೆ ಬೇರೆ ವಿಮಾನದಳಗಳಿದ್ದುವು.

ವಿಮಾನವನ್ನು ಕಂಡ ಮಾತ್ರಕ್ಕೆ ‘ಇದು ವೈಮಾನಿಕನ ಬಟ್ಟಲು’ ಎಂದು ಮಾರುವವರ ಮಾತಿಗೆ ಕಿವಿಗೊಡಬೇಡಿರಿ. ಹಾರುವವರು ಕೆಲವರೇ, ಯಂತ್ರವನ್ನು ಒರಸಿ ತಿದ್ದುವವರು, ಬಂಡಿ ನಡೆಸುವವರು, ಕಾವಲು ನಿಲ್ಲುವವರು ಬಹುಮಂದಿ. ನೆಲವನ್ನು ಬಿಟ್ಟೇಳದ ರೈತನ ಮಗನೂ ಊರಿನವರಿಗೆ ವಿಮಾನದ ಬಟ್ಟಲನ್ನೇ ಹಂಚಿರಬಹುದು. ಅವನ ಆ ಚಿಕ್ಕ ಹೆಮ್ಮೆಯನ್ನು ನಾನು ಹಳಿಯಲಾರೆ. ಆದರೆ ಅದೇ ಸೈನ್ಯದ ವಿಮಾನಗಳು 1937ರ ತರುವಾಯ ಚೀನಾದ ಪಟ್ಟಣಗಳ ಮೇಲೆ ಬಾಂಬು ಸುರಿಸಿದುದನ್ನು ಮುಚ್ಚಿಟ್ಟು, ಬಟ್ಟಲನ್ನು ಶೌರ್ಯದ ಗುರುತೆಂದು ಮೆರೆಸುವುದೂ ಸಲ್ಲದು.

ಇಂಥದೊಂದು ನಿಮ್ಮ ಕೈಗೆ ಬಂದರೆ ಬೂದಿ, ಹುಣಸೆಹಣ್ಣು ಹಾಕಿ ಉಜ್ಜಬೇಡಿರಿ. ಹೊಂಬಣ್ಣವನ್ನು ಮೆರುಗಿನ ಮೇಲೆ ಹಚ್ಚಿರುವುದರಿಂದ ಅದು ಅಳಿಸಿಹೋಗುವುದು. ಅರಗಿನ ಬಟ್ಟಲಾದರೆ ಬಿಸಿಲೂ ಬಿಸಿನೀರೂ ಕೂಡದು. ಅದರೊಡನೆ ಬಂದ ಮರದ ಪೆಟ್ಟಿಗೆಯನ್ನೂ, ಎಷ್ಟೇ ಹಳತಾಗಿರಲಿ, ಜೊತೆಯಲ್ಲಿಯೇ ಇಡಿರಿ. ಕೊಟ್ಟವನ ಹೆಸರು ಕೆಲವು ಸಲ ಅದರ ಮುಚ್ಚಳದ ಮೇಲೆ ಮಾತ್ರ ಇರುವುದುಂಟು.