ಶೀಲ್ಡು ಸಾಕು, ನೌಕರಿ ಕೊಡಿ

ನೆಟ್‌ಬಾಲ್‌ ತಂಡದ ಏಳು ಮಂದಿಯಲ್ಲಿ ಗೋಲು ಹಾಕುವ ಅಧಿಕಾರ ಇರುವುದು ಇಬ್ಬರಿಗಷ್ಟೇ. ಗೋಲ್‌ಕೀಪರ್ ಇಡೀ ಪಂದ್ಯ ಬೆವರು ಸುರಿಸಿದರೂ ಅವಳ ಹೆಸರಿಗೆ ಒಂದು ಗೋಲೂ ಸೇರುವುದಿಲ್ಲ. ಚೆಂಡು ಹಿಡಿದವಳಿಂದ ಮೂರು ಅಡಿ ದೂರ ನಿಂತೇ ಅಡ್ಡ ಹಾಕಬೇಕು, ಮೈಮೇಲೆ ಬೀಳುವಂತಿಲ್ಲ. ಎದುರಾಳಿ ಮೂರು ಸೆಕೆಂಡಿನೊಳಗೆ ಚೆಂಡು ಬಿಡಲೇಬೇಕು. ಅದು ಎತ್ತ ಹೋಗುತ್ತದೆಂದು ಮೊದಲೇ ಊಹಿಸಿ ಜಿಗಿಯಬೇಕು. ಈ ಊಹೆ ವರ್ಷಗಟ್ಟಲೆ ಆಡಿದವಳಿಗೆ ಮಾತ್ರ ದಕ್ಕುವಂಥದ್ದು. ಆಸ್ಟ್ರೇಲಿಯಾದ ಲಿಜ್ ಎಲ್ಲಿಸ್ ಇಂಥ ಗೋಲ್‌ಕೀಪರ್. ದೇಶಕ್ಕಾಗಿ 122 ಟೆಸ್ಟ್ ಆಡಿದರು. 1995, 1999ರಲ್ಲಿ ವಿಶ್ವ ಚಾಂಪಿಯನ್ ತಂಡದಲ್ಲಿದ್ದರು. ನಾಯಕಿಯಾದ ಮೇಲೆ 2005ರಲ್ಲಿ ಮೊಣಕಾಲಿಗೆ ಪೆಟ್ಟಾಗಿ, ಮರುವರ್ಷ ತವರಿನಲ್ಲೇ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟ ತಪ್ಪಿತು. ಆದರೂ 2007ರಲ್ಲಿ, 34ರ ವಯಸ್ಸಿನಲ್ಲಿ, ಆಕ್ಲೆಂಡಿನ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ನ್ಯೂಜಿಲೆಂಡನ್ನು 42-38ರಿಂದ ಸೋಲಿಸಿ ಕಪ್ ಎತ್ತಿದರು. ಕಾನೂನು ಓದಿ ವಕೀಲೆಯಾಗಿಯೂ ದುಡಿದವರು ಅವರು. ಅನ್ನಕ್ಕೆ ಬೇರೆ ದಾರಿಯಿದ್ದವಳು ಗಾಯದಿಂದ ಏಳುವವರೆಗೆ ಕಾಯಬಲ್ಲಳು. ಇಲ್ಲದವಳು ಏನು ಮಾಡಬೇಕು?

ಅದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2012ರಲ್ಲಿ ಪಟ್ನಾದ ಮೊದಲ ಮಹಿಳಾ ವಿಶ್ವಕಪ್ ಕಬಡ್ಡಿಯಲ್ಲಿ ಭಾರತದ ನಾಯಕಿಯಾಗಿ ಗೆದ್ದರು. 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟದ ಚಿನ್ನ, ಅರ್ಜುನ ಪ್ರಶಸ್ತಿ ಎಲ್ಲವೂ ಬಂದವು. ಈ ಸಾಧನೆಯ ಹಿಂದೆ ಪ್ರತಿಭೆಯಷ್ಟೇ ದೊಡ್ಡದಾಗಿ ನಿಂತದ್ದು ದಕ್ಷಿಣ ಮಧ್ಯ ರೈಲ್ವೆಯ ನೌಕರಿ. ತಿಂಗಳ ಪಗಾರ ಕೈಗೆ ಬರುತ್ತಿದ್ದರೆ, ಆಟ ಬಿಟ್ಟು ಮನೆ ನೋಡು ಎನ್ನುವ ಬಾಯಿಗಳು ತಾವಾಗಿಯೇ ಮುಚ್ಚುತ್ತವೆ. ವಿಚಿತ್ರವೆಂದರೆ, ಕರಾವಳಿಯ ಹುಡುಗಿಯನ್ನು ಸಾಕಿದ ಅದೇ ರೈಲ್ವೆಯ ಹಳಿ ನಮ್ಮ ಭಾಗದ ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿಯೇ ಸಿಕಂದರಾಬಾದಿಗೆ ಹೋಗುತ್ತದೆ. ಆ ಊರುಗಳ ಹುಡುಗಿಯರು ದಿನವೂ ಆ ರೈಲು ನೋಡುತ್ತಾರೆ. ತಾಲ್ಲೂಕು ಮಟ್ಟದ ನೆಟ್‌ಬಾಲ್‌ನಲ್ಲಿ ಗೆದ್ದು ಒಂದು ಶೀಲ್ಡು, ಒಂದು ಸರ್ಟಿಫಿಕೇಟು ಪಡೆಯುತ್ತಾರೆ. ಪಿಯುಸಿ ಮುಗಿಯುತ್ತಲೇ ಆಟವೂ ಮುಗಿಯುತ್ತದೆ, ಅಂದರೆ ಡಿಫೆಂಡರ್ ಒಬ್ಬಳು ಪಳಗಲು ಶುರುವಾಗುವ ವಯಸ್ಸಿನಲ್ಲಿ.

ಒಲಿಂಪಿಕ್ಸ್‌ನಲ್ಲೇ ಇಲ್ಲದ ಆಟಕ್ಕೆ ನೌಕರಿ ಯಾಕೆ ಎನ್ನುವವರಿದ್ದಾರೆ. ಕಬಡ್ಡಿಯೂ ಅಲ್ಲಿಲ್ಲ, ರೈಲ್ವೆ ಹಾಗೆ ಯೋಚಿಸಿದ್ದರೆ ಮಮತಾ ಇರುತ್ತಿರಲಿಲ್ಲ. ನೆಟ್‌ಬಾಲ್ 1998ರಿಂದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿದೆ, 2010ರಲ್ಲಿ ದೆಹಲಿಯಲ್ಲಿ ನಮ್ಮ ವನಿತೆಯರೂ ಆಡಿದ್ದಾರೆ. ಅದಕ್ಕೆ ಬೇಕಾದದ್ದು ಸಮತಟ್ಟಾದ ಅಂಗಳ, ಎರಡು ಕಂಬ, ಒಂದು ಚೆಂಡು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಸಿಮೆಂಟ್ ಕಾರ್ಖಾನೆಗೆ ಹೊಲ ಕೊಟ್ಟ ಮನೆಯ ಮಕ್ಕಳಿಗೇ ಕೆಲಸವಿಲ್ಲ, ಆಟಗಾರ್ತಿಯರಿಗೆ ಎಲ್ಲಿಂದ ತರುವುದು? ನೋವು ನಿಜ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಆದರೆ ಆ ಆಟಗಾರ್ತಿಯರು ಹೊರಗಿನವರಲ್ಲ, ಅದೇ ಹೊಲದ, ಅದೇ ಫರ್ಸಿ ಕಲ್ಲಿನ ಖಣಿಯ ಮನೆಗಳ ಹೆಣ್ಣುಮಕ್ಕಳು. ಅಣ್ಣನಿಗೆ ಕೊಡುವ ನೌಕರಿಯ ಪಟ್ಟಿಯಲ್ಲಿ ತಂಗಿಯ ಹೆಸರೂ ಇರಲಿ ಎಂದರೆ ಅನ್ಯಾಯವೇನೂ ಆಗದು.

ವಾಡಿ, ಸೇಡಂ, ಮಳಖೇಡಗಳಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ವಿನಿಯೋಗಿಸಬೇಕೆನ್ನುತ್ತದೆ, ಗ್ರಾಮೀಣ ಕ್ರೀಡೆಯ ತರಬೇತಿಯೂ ಆ ಪಟ್ಟಿಯಲ್ಲಿದೆ. ತರಬೇತಿಯ ಖರ್ಚಿಗೆ ಆ ಹಣವಿದೆ. ನೌಕರಿಯನ್ನು ಮಾತ್ರ ಕಂಪನಿಗಳು ತಮ್ಮ ಸ್ವಂತ ಲೆಕ್ಕದಲ್ಲೇ ಕೊಡಬೇಕು. ಪ್ರತಿ ಕಾರ್ಖಾನೆ ಏಳು ಹುಡುಗಿಯರ ಒಂದು ತಂಡ ಕಟ್ಟಿ, ಅವರಿಗೆ ಕಾಯಂ ಕೆಲಸ ಕೊಟ್ಟು, ಹತ್ತು ವರ್ಷ ಆಡಲು ಬಿಡಲಿ. ಈ ಬೇಡಿಕೆಯನ್ನು ಈ ಭಾಗದ ಶಾಸಕರು ಮುಂದಿನ ಕ್ರೀಡಾಕೂಟದ ವೇದಿಕೆಯಲ್ಲಿ ಹಾರ ಹಾಕಿಸಿಕೊಳ್ಳುವ ಮೊದಲು ಕಂಪನಿಗಳ ಮುಂದಿಡಬೇಕು.