ಗುಮ್ಮಟದ ಕೆಳಗೆ ಅಂಚೆಯ ಕೆಲಸವೇ ನಡೆಯಲಿ

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ ಇಳಿದವರು ಆ ನಿಲ್ದಾಣವನ್ನು ತಲೆಯೆತ್ತಿ ನೋಡುತ್ತಾರೆ. ಅದರ ಮಗ್ಗುಲಿನ ಪ್ರಧಾನ ಅಂಚೆ ಕಚೇರಿಯತ್ತ ಕಣ್ಣು ಹಾಯಿಸುವವರು ಕಡಿಮೆ. ಕನ್ನಡಿಗರಾದ ನಾವಾದರೂ ಅಲ್ಲಿ ಒಂದು ಗಳಿಗೆ ನಿಲ್ಲಬೇಕು. ಆ ಗುಮ್ಮಟದ ತವರು ವಿಜಯಪುರ.

1904ರಲ್ಲಿ ಆರಂಭವಾಗಿ 1913ರಲ್ಲಿ ಮುಗಿದ ಈ ಕಟ್ಟಡಕ್ಕೆ ವಾಸ್ತುಶಿಲ್ಪಿ ಜಾನ್ ಬೆಗ್ ಗೋಲಗುಮ್ಮಟವನ್ನು ಮಾದರಿಯಾಗಿ ಇಟ್ಟುಕೊಂಡರು. ಕಪ್ಪು ಬಸಾಲ್ಟ್ ಶಿಲೆಯ ಗೋಡೆಗಳಿಗೆ ಕುರ್ಲಾದ ಹಳದಿ ಕಲ್ಲು, ಧ್ರಾಂಗಧ್ರಾದ ಬಿಳಿಗಲ್ಲು ಅಂಚು ಕಟ್ಟಿವೆ. ನಡುವಿನ ವಿಶಾಲ ಸಭಾಂಗಣದ ಮೇಲಿನ ಗುಮ್ಮಟದ ವ್ಯಾಸ 65 ಅಡಿ. ಸುಮಾರು 44 ಮೀಟರ್ ಹೊರವ್ಯಾಸದ ಮೂಲ ಗುಮ್ಮಟಕ್ಕೆ ಹೋಲಿಸಿದರೆ ಇದು ಅರ್ಧಕ್ಕಿಂತ ಕಿರಿದು. ಈ ಶೈಲಿಗೆ ‘ಇಂಡೋ-ಸಾರಸೆನಿಕ್’ ಎಂದು ಹೆಸರಿಟ್ಟು ಪುಸ್ತಕಗಳು ಮುಂದೆ ಸಾಗುತ್ತವೆ. ಆ ಹೆಸರಿನೊಳಗೆ ಆದಿಲಶಾಹಿ ಕಾಲದ ಕಸುಬುದಾರರ ಲೆಕ್ಕಾಚಾರ ಅಡಗಿದೆ ಎಂಬುದನ್ನು ನಾವು ನೆನಪಿಡಬೇಕು.

ಆದರೆ ಹೋಲಿಕೆಗಿಂತ ದೊಡ್ಡದು ವ್ಯತ್ಯಾಸ. ವಿಜಯಪುರದ ಗುಮ್ಮಟದ ಕೆಳಗಿರುವುದು ಮಹಮ್ಮದ್ ಆದಿಲಶಾಹನ ಸಮಾಧಿ. ಮುಂಬಯಿಯ ಗುಮ್ಮಟದ ಕೆಳಗೆ ಬದುಕಿರುವವರ ವ್ಯವಹಾರ ನಡೆಯುತ್ತದೆ: ಉಳಿತಾಯದ ಪುಸ್ತಕ, ಪಾರ್ಸೆಲ್ಲು, ಕಾಗದಪತ್ರ. ಗೋರಿಯ ಮಾದರಿ ಇಲ್ಲಿ ಜನರ ಚಾವಡಿಯಾಗಿದೆ. ಕರಾವಳಿಯಿಂದ ಬಂದು ಈ ನಗರದ ಹೋಟೆಲುಗಳಲ್ಲಿ ದುಡಿದ ನಮ್ಮ ಹಿರಿಯರ ಮನೆಗಳಲ್ಲಿ ಒಲೆ ಉರಿದದ್ದು ಅಂಚೆಯಲ್ಲಿ ಹೋದ ಮನಿಯಾರ್ಡರುಗಳಿಂದ.

ಇಂದು ಕಾಗದ ಬರೆಯುವವರು ವಿರಳ. 2025ರಲ್ಲಿ ರಿಜಿಸ್ಟರ್ಡ್ ಅಂಚೆಯೂ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಇಂಥ ಕಟ್ಟಡಗಳನ್ನು ವಸ್ತುಸಂಗ್ರಹಾಲಯ ಮಾಡಿದರೆ ಸವೆತ ತಪ್ಪುತ್ತದೆ, ಚೆಲುವು ಉಳಿಯುತ್ತದೆ ಎಂಬ ವಾದ ನಮಗೆ ಅರ್ಥವಾಗುತ್ತದೆ. ಹಳೆಯ ಕಲ್ಲನ್ನು ಕಾಪಾಡುವುದು ದುಬಾರಿ ಎಂಬುದೂ ನಿಜ. ಆದರೂ ನಾವು ಅದನ್ನು ಒಪ್ಪಲಾರೆವು. ದುರಸ್ತಿಗೆ ಹಣ ಬೇಕು, ಜಾಣ ಕೈಗಳು ಬೇಕು, ಜನರನ್ನು ಹೊರಗಿಡಬೇಕಾಗಿಲ್ಲ. ಟಿಕೆಟಿಲ್ಲದೆ, ಕಾರಣ ಹೇಳದೆ ಸಾಮಾನ್ಯನೊಬ್ಬ ಒಳಹೊಕ್ಕು ನಿಲ್ಲಬಹುದಾದ ಭವ್ಯ ಕಟ್ಟಡಗಳು ನಮ್ಮ ನಗರಗಳಲ್ಲಿ ಎಷ್ಟಿವೆ? ಕೌಂಟರುಗಳು ಮುಚ್ಚಿದ ದಿನ ಆ ಗುಮ್ಮಟ ಮತ್ತೆ ಗೋರಿಯೇ ಆದೀತು.

ಊರಿನ ಗೆಳೆಯರಿಗೆ ಮುಂದಿನ ಸಲ ಪುಸ್ತಕ ಕಳುಹಿಸುವಾಗ ಅಲ್ಲಿಗೇ ಹೋಗೋಣ. ಸರದಿಯಲ್ಲಿ ನಿಂತಷ್ಟು ಹೊತ್ತು ತಲೆಯೆತ್ತಿ ನೋಡಲು ಗುಮ್ಮಟವಿದೆ.