ಅಲ್ಹಾಂಬ್ರಾ ನೋಡಿದ್ರೆ ಸಾಕಾ, ಓದೋದು ಬೇಡ್ವಾ?

ಅಲ್ಹಾಂಬ್ರಾಗೆ ಹೋಗ್ತೀವಿ ಅಂದ್ರೆ ಸಾಕು, ಎಲ್ಲರೂ ಎರಡೇ ಪ್ರಶ್ನೆ ಕೇಳ್ತಾರೆ. ಟಿಕೆಟ್ ಸಿಕ್ತಾ? ಫೋಟೋಗೆ ಯಾವ ಹೊತ್ತು ಚೆನ್ನಾಗಿರುತ್ತೆ? ಎರಡೂ ಒಳ್ಳೆ ಪ್ರಶ್ನೆಗಳೇ. ಆದರೆ ನಮ್ಮ ಪ್ರಕಾರ ಕೇಳಲೇಬೇಕಾದ ಮೂರನೇ ಪ್ರಶ್ನೆ ಒಂದಿದೆ: ಆ ಗೋಡೆಗಳ ಮೇಲೆ ಏನು ಬರೆದಿದೆ? ಯಾಕಂದ್ರೆ ಅಲ್ಹಾಂಬ್ರಾ ಬರೀ ನೋಡೋಕೆ ಕಟ್ಟಿದ ಅರಮನೆ ಅಲ್ಲ, ಓದೋಕೆ ಕಟ್ಟಿದ ಅರಮನೆ. ಅದನ್ನ ಓದದೆ ಬರೋದು ಪುಸ್ತಕದ ಅಂಗಡಿಗೆ ಹೋಗಿ ರಕ್ಷಾಪುಟಗಳ ಫೋಟೋ ತಗೊಂಡು ಬಂದ ಹಾಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ದಕ್ಷಿಣ ಸ್ಪೇನಿನ ಗ್ರಾನಡಾ ಊರಿನ ಬೆಟ್ಟದ ಮೇಲೆ, ಸಿಯೆರಾ ನೆವಾಡಾದ ಹಿಮಶಿಖರಗಳಿಗೆ ಎದುರಾಗಿ ಈ ಕೋಟೆ-ಅರಮನೆ ಇದೆ. ಅರೇಬಿಕ್‌ನಲ್ಲಿ 'ಅಲ್ ಹಮ್ರಾ' ಅಂದ್ರೆ ಕೆಂಪು. ನಸ್ರಿದ್ ವಂಶದ ಮೊದಲನೇ ಮುಹಮ್ಮದ್ 1238ರಲ್ಲಿ ಇದನ್ನ ಶುರು ಮಾಡಿದ. ಇವತ್ತು ನಾವು ಬಾಯಿ ಬಿಟ್ಟುಕೊಂಡು ನೋಡೋ ಭಾಗಗಳೆಲ್ಲ ಹೆಚ್ಚುಕಡಿಮೆ 14ನೇ ಶತಮಾನದವು, ಅಂದ್ರೆ ಒಂದನೇ ಯೂಸುಫ್ ಮತ್ತು ಅವನ ಮಗ ಐದನೇ ಮುಹಮ್ಮದ್ ಕಾಲದವು. ನಮ್ಮ ಕಡೆ 1336ರಲ್ಲಿ ವಿಜಯನಗರ ತಲೆ ಎತ್ತುವಾಗ ಅಲ್ಲಿ ಯೂಸುಫ್ ಪಟ್ಟದಲ್ಲಿದ್ದ. ಪ್ರವಾಸಿ ಪುಸ್ತಕಗಳು ಇದನ್ನ 'ಮೂರಿಶ್' ಅರಮನೆ ಅಂತ ಕರೀತವೆ. 'ಮೂರ್' ಅನ್ನೋದು ಯುರೋಪಿನವರು ಹೊರಗಿಂದ ಕೊಟ್ಟ ಹೆಸರು. ಒಳಗೆ ಇದ್ದವರು ತಮ್ಮ ಬಗ್ಗೆ ಏನು ಹೇಳಿಕೊಂಡರು ಅನ್ನೋದು ಗೋಡೆ ಮೇಲಿದೆ.

ಅಕ್ಕ ಸ್ಪೇನಿನಲ್ಲಿ ಓದ್ತಿರೋದ್ರಿಂದ ಸೆಮಿಸ್ಟರ್ ರಜೆಯಲ್ಲಿ ಮನೆಯವರೆಲ್ಲ ಅಲ್ಲಿಗೆ ಹೋಗಿದ್ದೆವು. ಟಿಕೆಟನ್ನ ವಾರಗಟ್ಟಲೆ ಮುಂಚೆ ಬುಕ್ ಮಾಡಬೇಕು. ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಬರೋ ಜಾಗ ಅದು. ಟಿಕೆಟ್ ಮೇಲೆ ಹೆಸರು, ಬಾಗಿಲಲ್ಲಿ ಪಾಸ್‌ಪೋರ್ಟ್ ಚೆಕ್. ಒಳಗಿನ ನಸ್ರಿದ್ ಅರಮನೆಗಳಿಗೆ ಮಾತ್ರ ಬೇರೆ ಸ್ಲಾಟ್ ಇರುತ್ತೆ, ಆ ಅರ್ಧ ಗಂಟೆ ಒಳಗೆ ಹೋಗಿಬಿಡಬೇಕು, ತಪ್ಪಿದ್ರೆ ತಪ್ಪಿತು. ಇದನ್ನ ಬೈಯೋರು ತುಂಬಾ ಜನ ಇದ್ದಾರೆ. ನಮಗಂತೂ ಈ ನಿಯಮ ಸರಿ ಅನ್ನಿಸ್ತು. ಗೋಡೆ ಕೆತ್ತನೆ ಹೆಚ್ಚಿನದೆಲ್ಲ ಕಲ್ಲಲ್ಲ, ಗಾರೆ. ಸಾವಿರಾರು ಜನ ದಿನಾ ಕೈ ಸವರಿದ್ರೆ, ಬ್ಯಾಗ್ ಉಜ್ಜಿದ್ರೆ ಎಷ್ಟು ದಿನ ಉಳಿಯುತ್ತೆ? ಇನ್ನೊಂದು ವಿಷಯ, ಒಳಗೆ ಹೋದ ಮೇಲೆ ಇಷ್ಟೇ ಹೊತ್ತು ಅಂತ ಯಾರೂ ಗಡಿಯಾರ ಹಿಡಿಯಲ್ಲ. ನಿಲ್ಲೋರು ನಿಲ್ಲಬಹುದು. ಆದ್ರೆ ನಿಲ್ಲೋರೇ ಕಮ್ಮಿ.

ಒಳಗೆ ಏನಿದೆ ಅಂತ ಎಂಜಿನಿಯರಿಂಗ್ ಸ್ಟೂಡೆಂಟ್‌ಗಳಿಗೆ ಹೇಳೋದಾದ್ರೆ ಇಡೀ ಸಂಚಿಕೆ ಬೇಕು. ರಾಯಭಾರಿಗಳ ಸಭಾಂಗಣದ ಮರದ ಚಾವಣಿಗೆ 8,000ಕ್ಕೂ ಹೆಚ್ಚು ತುಂಡು ಜೋಡಿಸಿದ್ದಾರೆ, ಏಳು ಸ್ವರ್ಗಗಳ ಕಲ್ಪನೆ ಅದು. 'ಇಬ್ಬರು ಸೋದರಿಯರ' ಕೋಣೆಯ ಗುಮ್ಮಟ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಗೂಡುಗಳಿಂದ ಆಗಿದೆ. ಈ ಕೆಲಸಕ್ಕೆ ಮುಕರ್ನಸ್ ಅಂತ ಹೆಸರು. ಎಣಿಸಿದ್ರೆ 5,000 ದಾಟುತ್ತವೆ, ಆದ್ರೆ ಮೂಲ ಆಕಾರಗಳು ಕೆಲವೇ ಕೆಲವು. ಟೈಲ್ಸ್ ಮುಂದೆ ನಿಂತ್ರೆ ಕ್ರಿಸ್ಟಲ್ ಸಿಮೆಟ್ರಿ ಪಾಠ ನೆನಪಾಗುತ್ತೆ. ಸಮತಲದಲ್ಲಿ ವಿನ್ಯಾಸ ಪುನರಾವರ್ತನೆ ಆಗೋಕೆ 17 ಬಗೆ ಮಾತ್ರ ಸಾಧ್ಯ ಅಂತ 1891ರಲ್ಲಿ ಫೆಡೊರೊವ್ ಸಾಧಿಸಿದರು. ಅದರಲ್ಲಿ ಎಷ್ಟು ಬಗೆ ಇಲ್ಲಿವೆ ಅಂತ ಗಣಿತದವರು ಇನ್ನೂ ಜಗಳ ಆಡ್ತಾರೆ. ಡಚ್ ಕಲಾವಿದ ಎಷರ್ 1922ರಲ್ಲಿ ಒಮ್ಮೆ, 1936ರಲ್ಲಿ ಇನ್ನೊಮ್ಮೆ ಬಂದು ಈ ಟೈಲ್ಸ್ ನಕಲು ಬರೆದುಕೊಂಡು ಹೋದ. ನೀರಿನ ಕಥೆ ಇನ್ನೊಂದು. ದಾರೋ ನದಿಯಿಂದ ಸುಮಾರು 6 ಕಿಲೋಮೀಟರ್ ದೂರ ಕಾಲುವೆಯಲ್ಲಿ, ಬರೀ ಇಳಿಜಾರಿನ ಲೆಕ್ಕದಲ್ಲಿ ಬೆಟ್ಟದ ಮೇಲಿನ ಅರಮನೆಗೆ ನೀರು ತಂದಿದ್ದಾರೆ. ಮೋಟಾರ್ ಇಲ್ಲ, ಪಂಪ್ ಇಲ್ಲ.

ಇಷ್ಟೆಲ್ಲ ಕಣ್ಣಿಗೆ ತುಂಬಿಕೊಳ್ಳೋವಾಗ ನಮ್ಮಮ್ಮ ಗೋಡೆ ತೋರಿಸಿ ಕೇಳಿದ್ರು, "ಇಲ್ಲೇನು ಬರ್ದಿದಾರೆ?" ಗುಂಪನ್ನ ಕರ್ಕೊಂಡು ಹೋಗ್ತಿದ್ದ ಗೈಡ್ "ದೇವರ ಸ್ತುತಿ" ಅಂತ ಒಂದೇ ಮಾತಲ್ಲಿ ಮುಗಿಸಿ ಮುಂದಿನ ಕೋಣೆಗೆ ನಡೆದರು. ಅಮ್ಮನ ಪ್ರಶ್ನೆ ಸರಿಯಾಗಿತ್ತು. ಉತ್ತರ ಮಾತ್ರ ಅರ್ಧ.

ಪೂರ್ತಿ ಉತ್ತರ ಹೀಗಿದೆ. ಗೋಡೆಗಳ ಮೇಲೆ ಅತಿ ಹೆಚ್ಚು ಸಲ ಬರೋದು ನಸ್ರಿದ್ ದೊರೆಗಳ ಧ್ಯೇಯವಾಕ್ಯ. ದೇವರ ಹೊರತು ಗೆಲ್ಲುವವನು ಬೇರೆ ಇಲ್ಲ ಅನ್ನೋದು ಅದರ ಅರ್ಥ. ಕುರಾನಿನ ವಾಕ್ಯಗಳು ಇವೆ, ಹಾರೈಕೆಗಳು ಇವೆ. ಅದರ ಜೊತೆಗೆ ಪದ್ಯಗಳಿವೆ! ಆಸ್ಥಾನದ ಕವಿಗಳು ಇಂಥ ಗೋಡೆಗೆ, ಇಂಥ ಗೂಡಿಗೆ, ಇಂಥ ಕಾರಂಜಿಗೆ ಅಂತಲೇ ಬರೆದ ಪದ್ಯಗಳು. ಎಷ್ಟೋ ಪದ್ಯಗಳಲ್ಲಿ ಮಾತಾಡೋದು ಕಟ್ಟಡವೇ. 'ನಾನು' ಅಂತ ಶುರು ಮಾಡಿ ಕೋಣೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತೆ. ಇಬ್ಬರು ಸೋದರಿಯರ ಕೋಣೆ ತನ್ನನ್ನ ತೋಟ ಅಂತ ಪರಿಚಯ ಮಾಡಿಕೊಳ್ಳುತ್ತೆ. ಹನ್ನೆರಡು ಸಿಂಹಗಳ ಮೇಲಿರೋ ಕಾರಂಜಿಯ ಅಂಚಿನ ಸುತ್ತ ಇಬ್ನ್ ಜಮ್ರಕ್ ಅನ್ನೋ ಕವಿಯ ಪದ್ಯ ಕೆತ್ತಿದ್ದಾರೆ. ಹರಿಯೋ ನೀರು ಯಾವುದು, ಗಟ್ಟಿ ಅಮೃತಶಿಲೆ ಯಾವುದು ಅಂತ ಕಣ್ಣಿಗೆ ಗೊಂದಲ ಆಗೋ ವಿಷಯವನ್ನೇ ಆ ಪದ್ಯ ವರ್ಣಿಸುತ್ತೆ. ಅಂದ್ರೆ ಕಾರಂಜಿಯನ್ನ ಹೇಗೆ ನೋಡಬೇಕು ಅನ್ನೋ ಡಾಕ್ಯುಮೆಂಟೇಶನ್ ಕಾರಂಜಿ ಮೇಲೇ ಇದೆ. ನಾವು ಕೋಡ್ ಬರೆಯುವಾಗ ಕಾಮೆಂಟ್ ಹಾಕೋಕೂ ಬೇಜಾರು ಪಡ್ತೀವಿ!

ಈ ಕವಿಗಳ ಕಥೆ ಯಾವ ವೆಬ್ ಸೀರೀಸ್‌ಗೂ ಕಮ್ಮಿ ಇಲ್ಲ. ಇಬ್ನ್ ಅಲ್ ಖತೀಬ್ ಅನ್ನೋನು ಮಂತ್ರಿ, ಇತಿಹಾಸಕಾರ, ವೈದ್ಯ, ಕವಿ ಎಲ್ಲಾ ಆಗಿದ್ದ. ಇಬ್ನ್ ಜಮ್ರಕ್ ಅವನ ಶಿಷ್ಯ. ರಾಜಕೀಯ ಕೆಟ್ಟಾಗ ಗುರು ಮೊರಾಕೊಗೆ ಓಡಿಹೋದ. ಅವನ ಮೇಲೆ ನಡೆದ ವಿಚಾರಣೆಯಲ್ಲಿ ಶಿಷ್ಯನೇ ಕೈ ಜೋಡಿಸಿದ. 1374ರಲ್ಲಿ ಫೆಜ್ ಊರಿನ ಜೈಲಿನಲ್ಲಿ ಗುರುವನ್ನ ಕತ್ತು ಹಿಸುಕಿ ಕೊಂದರು. ಮುಂದೆ ಶಿಷ್ಯನೂ ಕೊಲೆಯಾದ. ಗೋಡೆ ಮೇಲಿನ ನಯವಾದ ಅಕ್ಷರಗಳ ಹಿಂದೆ ಇಷ್ಟು ರಕ್ತ ಇದೆ. ಆದ್ರೆ ಪ್ರವಾಸಿಗೆ ಹೇಳೋ ರಕ್ತದ ಕಥೆ ಬೇರೆ. ಅಬೆನ್ಸೆರಾಜ್ ಕೋಣೆಯ ಕೊಳದಲ್ಲಿರೋ ಕಂದು ಕಲೆ ತೋರಿಸಿ, ಇಲ್ಲಿ ಆ ಮನೆತನದವರ ತಲೆ ಕಡಿದ್ರು, ಅದರ ರಕ್ತ ಇದು ಅಂತಾರೆ. ಅದು ತುಕ್ಕಿನ ಕಲೆ. ದಂತಕಥೆ ಮಾರಾಟ ಆಗುತ್ತೆ, ಕಣ್ಣೆದುರಿಗೇ ಇರೋ ಬರಹ ಮಾತ್ರ 'ಡಿಸೈನ್' ಆಗಿ ಉಳಿಯುತ್ತೆ. ಹೊರಗೆ ಬಂದ್ರೆ ಅದೇ ಡಿಸೈನ್ ಕಪ್ ಮೇಲೆ, ಮ್ಯಾಗ್ನೆಟ್ ಮೇಲೆ, ಶಾಲಿನ ಮೇಲೆ.

ಅಕ್ಷರ ಡಿಸೈನ್ ಆಗಿದ್ದು ಹೇಗೆ? ತಾನಾಗೇ ಆಗಲಿಲ್ಲ. ನಮ್ಮ ವಾದದ ಮುಖ್ಯ ಭಾಗ ಇದು.

1491ರ ಕೊನೆಗೆ ಗ್ರಾನಡಾ ಶರಣಾಗುವ ಒಪ್ಪಂದ ಆಯ್ತು. 1492ರ ಜನವರಿ 2ರಂದು ಕೊನೆಯ ದೊರೆ ಬೊಅಬ್ದಿಲ್ ಅರಮನೆ ಬಿಟ್ಟುಕೊಟ್ಟ. ಮುಸ್ಲಿಮರ ಧರ್ಮ, ಕಾನೂನು, ಪದ್ಧತಿ ಹಾಗೇ ಇರುತ್ತೆ ಅಂತ ಗೆದ್ದ ಫರ್ಡಿನೆಂಡ್-ಇಸಬೆಲ್ಲಾ ಮಾತು ಕೊಟ್ಟಿದ್ದರು. ಅದೇ ಮಾರ್ಚ್ 31ಕ್ಕೆ ಯಹೂದಿಗಳನ್ನ ದೇಶ ಬಿಡಿಸೋ ಆಜ್ಞೆಗೆ ಸಹಿ ಬಿದ್ದಿದ್ದು ಇದೇ ಅಲ್ಹಾಂಬ್ರಾದಲ್ಲಿ. ಹತ್ತು ವರ್ಷ ತುಂಬೋದ್ರೊಳಗೆ ಮುಸ್ಲಿಮರಿಗೆ ಕೊಟ್ಟ ಮಾತೂ ಮುರಿಯಿತು. 1500ರ ಆಸುಪಾಸಿನಲ್ಲಿ ಸಿಸ್ನೆರೊಸ್ ಅನ್ನೋ ಆರ್ಚ್‌ಬಿಷಪ್ ಗ್ರಾನಡಾದಲ್ಲಿ ಅರೇಬಿಕ್ ಪುಸ್ತಕಗಳನ್ನ ರಾಶಿ ಹಾಕಿ ಸುಡಿಸಿದ. ಜನರನ್ನ ಮತಾಂತರ ಮಾಡಿದರು. 1567ರಲ್ಲಿ ಎರಡನೇ ಫಿಲಿಪ್ ಹೊರಡಿಸಿದ ಆಜ್ಞೆ ಅಂತೂ ನೇರವಾಗಿ ಭಾಷೆ ಮೇಲೇ ಕೈ ಹಾಕಿತು. ಮೂರು ವರ್ಷದಲ್ಲಿ ಎಲ್ಲರೂ ಕ್ಯಾಸ್ಟಿಲಿಯನ್ ಕಲೀಬೇಕು, ಆಮೇಲೆ ಅರೇಬಿಕ್ ಮಾತಾಡೋದು, ಓದೋದು, ಬರೆಯೋದು ಮನೆ ಒಳಗೂ ಅಪರಾಧ. ದಂಗೆ ಎದ್ದಿತು, ದಂಗೆ ಅಡಗಿಸಿದರು. 1609ರಿಂದ 1614ರ ನಡುವೆ ಆ ಜನರನ್ನ ಸ್ಪೇನಿನಿಂದಲೇ ಹೊರಗೆ ಹಾಕಿದರು.

ಇಷ್ಟಾದ್ರೂ ಗೋಡೆ ಮೇಲಿನ ಅರೇಬಿಕ್ ಉಳಿಯಿತು. ಗೆದ್ದ ರಾಜರಿಗೂ ಅರಮನೆ ಅಂದ್ರೆ ಇಷ್ಟ. ಇಸಬೆಲ್ಲಾಳ ಮೊಮ್ಮಗ ಐದನೇ ಚಾರ್ಲ್ಸ್ ಪಕ್ಕದಲ್ಲೇ ತನ್ನ ಅರಮನೆ ಎಬ್ಬಿಸಿದ, ಹಳೆಯ ಟೈಲ್ಸ್ ನಡುವೆ ತನ್ನ ಧ್ಯೇಯವಾಕ್ಯವನ್ನೂ ಸೇರಿಸಿದ. ಹಳೆ ಅಕ್ಷರ ಅಳಿಸಲಿಲ್ಲ. ಓದೋ ಜನ ಹೋದ ಮೇಲೆ ಅಕ್ಷರದಿಂದ ಏನು ತೊಂದರೆ? ಅದು ಬರೀ ಅಲಂಕಾರ. ಊರಲ್ಲಿ ಮಾತಾಡಿದ್ರೆ ಶಿಕ್ಷೆ ಇದ್ದ ಭಾಷೆಯೇ ಅರಮನೆಯಲ್ಲಿ ಶೋಭೆ ಆಯ್ತು. ಇವತ್ತು ನಾವು ಅದನ್ನ 'ವಾವ್, ಎಂಥಾ ಪ್ಯಾಟರ್ನ್' ಅಂದು ಮುಂದೆ ಹೋದ್ರೆ, ಗೆದ್ದವರ ಕಣ್ಣಲ್ಲೇ ನೋಡಿದ ಹಾಗಾಯ್ತು.

ಅದೇ ಕಾಲದಲ್ಲಿ ಒಬ್ಬ ಮನುಷ್ಯ ಬೇರೆ ಕೆಲಸ ಮಾಡಿದ. ಹೆಸರು ಅಲೊನ್ಸೊ ದೆಲ್ ಕಾಸ್ಟಿಯೊ. ಮತಾಂತರವಾದ ಮುಸ್ಲಿಂ ಮನೆತನದ ಗ್ರಾನಡಾದ ವೈದ್ಯ, ಅನುವಾದಕ. 16ನೇ ಶತಮಾನದಲ್ಲಿ ಅವನು ಅಲ್ಹಾಂಬ್ರಾದ ಬರಹಗಳನ್ನ ನಕಲು ಮಾಡಿ ಸ್ಪ್ಯಾನಿಶ್‌ಗೆ ತಂದ. ಆಮೇಲೆ ಗೋಡೆಯಿಂದ ಅಳಿದುಹೋದ ಕೆಲವು ಪದ್ಯಗಳು ಇವತ್ತು ಗೊತ್ತಿರೋದೇ ಅವನ ಪ್ರತಿಯಿಂದ. ನಮ್ಮ ಕಾಲದಲ್ಲಿ ಗ್ರಾನಡಾದ ಅರೇಬಿಕ್ ಅಧ್ಯಯನ ಸಂಸ್ಥೆಯ ಸಂಶೋಧಕರು ಗೋಡೆ ಗೋಡೆ ಹುಡುಕಿ ಬರಹಗಳನ್ನ ಪಟ್ಟಿ ಮಾಡಿದ್ದಾರೆ. ಅಂದ್ರೆ ಓದೋಕೆ ಬೇಕಾದ್ದೆಲ್ಲ ಇದೆ. ಪ್ರವಾಸಿಯ ಕೈಗೆ ತಲುಪಬೇಕು ಅಷ್ಟೇ.

"ರಜೆಗೆ ಹೋದೋರು ಅರೇಬಿಕ್ ಕಲೀಬೇಕಾ? ಚೆಂದ ನೋಡಿ ಖುಷಿ ಪಟ್ರೆ ತಪ್ಪಾ?" ಅಂತ ನೀವು ಕೇಳಬಹುದು. ತಪ್ಪೇನಿಲ್ಲ. ಅರೇಬಿಕ್ ಕಲೀರಿ ಅಂತಲೂ ನಾವು ಹೇಳ್ತಿಲ್ಲ. ಫೋಟೋ ತಗೋಬೇಡಿ ಅಂತ ಉಪದೇಶನೂ ಅಲ್ಲ. ನಾವೂ ನೂರಾರು ತಗೊಂಡಿದ್ದೀವಿ. ನಾವು ಕೇಳ್ತಿರೋದು ಹತ್ತು ನಿಮಿಷ. ಹೋಗೋ ಮುಂಚೆ ಎರಡೇ ಎರಡು ಪದ್ಯಗಳ ಅನುವಾದ ಓದಿ, ಒಳಗೆ ಹೋದಾಗ ಆ ಎರಡು ಗೋಡೆ ಎಲ್ಲಿದೆ ಅಂತ ಹುಡುಕಿ ನಿಂತುಕೊಳ್ಳಿ. ಕೋಣೆ 'ನಾನು' ಅಂತ ಮಾತಾಡೋದು ಗೊತ್ತಿದ್ದು ಆ ಗುಮ್ಮಟದ ಕೆಳಗೆ ನಿಲ್ಲೋದಕ್ಕೂ, ಗೊತ್ತಿಲ್ಲದೆ ನಿಲ್ಲೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಹೀಗೆ ಓದಬಲ್ಲ ಪ್ರವಾಸಿ ಒಬ್ಬ 1350ರ ಹೊತ್ತಿಗೆ ಗ್ರಾನಡಾಕ್ಕೆ ಬಂದಿದ್ದ. ಅವನು ನಮಗೆ ಅಪರಿಚಿತ ಅಲ್ಲ, ಇಬ್ನ್ ಬತೂತಾ. ಅದಕ್ಕೆ ಕೆಲವೇ ವರ್ಷ ಮುಂಚೆ ನಮ್ಮ ಹೊನ್ನಾವರ, ಮಂಗಳೂರು ನೋಡಿದ್ದವನು. ದೊರೆ ಯೂಸುಫ್‌ಗೆ ಹುಷಾರಿಲ್ಲದ ಕಾರಣ ಭೇಟಿ ಆಗಲಿಲ್ಲ. ಆದ್ರೆ ಅಲ್ಲಿ ಇಬ್ನ್ ಜುಜಯ್ ಅನ್ನೋ ತರುಣ ಬರಹಗಾರ ಸಿಕ್ಕ. ಮುಂದೆ ಇಬ್ನ್ ಬತೂತಾ ಹೇಳ್ತಾ ಹೋದ ಪ್ರವಾಸ ಕಥನವನ್ನ ಬರೆದು ಪುಸ್ತಕ ಮಾಡಿದ್ದು ಈ ಗ್ರಾನಡಾದ ಹುಡುಗನೇ. ಹೊನ್ನಾವರದಲ್ಲಿ ಹುಡುಗಿಯರಿಗೆ 13 ಶಾಲೆ ಇದ್ದವು ಅನ್ನೋ ಮಾತು ನಮಗೆ ಸಿಕ್ಕಿರೋದು ಅದೇ ಪುಸ್ತಕದಿಂದ. ನಮ್ಮ ಕರಾವಳಿಯ ಹುಡುಗಿಯರು ಓದುತ್ತಿದ್ದರು ಅನ್ನೋದನ್ನ ಗ್ರಾನಡಾದವನೊಬ್ಬ ಅರೇಬಿಕ್‌ನಲ್ಲಿ ಬರೆದಿಟ್ಟ. ಆ ಊರಲ್ಲಿ ಆ ಭಾಷೆಯ ಪುಸ್ತಕ ಸುಟ್ಟಾಗ ಇಂಥದ್ದು ಇನ್ನೆಷ್ಟು ಹೋಯಿತೋ!

ಕನ್ನಡ ಸಂಘದ ಪತ್ರಿಕೆಯಲ್ಲಿ ಸ್ಪೇನಿನ ಅರಮನೆ ಯಾಕೆ ಅಂದ್ರೆ ಇದಕ್ಕೇ. ನಮ್ಮ ಸ್ಥಿತಿ ಗ್ರಾನಡಾದ್ದಲ್ಲ. ಕನ್ನಡ ಮಾತಾಡಿದ್ರೆ ಯಾರೂ ಜೈಲಿಗೆ ಹಾಕಲ್ಲ, ಹಾಗೆ ಹೋಲಿಸಿದ್ರೆ ಅವರಿಗೆ ಅವಮಾನ. ಆದ್ರೆ ಲಿಪಿ ಡಿಸೈನ್ ಆಗೋಕೆ ಯಾವಾಗ್ಲೂ ರಾಜಾಜ್ಞೆ ಬೇಕಾಗಲ್ಲ, ಓದೋರು ಕಮ್ಮಿ ಆದ್ರೂ ಸಾಕು. ನಮ್ಮಲ್ಲಿ ಇಂಗ್ಲಿಷ್ ಮೀಡಿಯಂನಿಂದ ಬಂದೋರೇ ಜಾಸ್ತಿ. ನವೆಂಬರ್‌ನಲ್ಲಿ ಟೀ ಶರ್ಟ್ ಮೇಲೆ ಕನ್ನಡ ಅಕ್ಷರ ಎಷ್ಟು ಚೆಂದ ಅಂತೀವಿ. ಚೆಂದ ಹೌದು. ಆದ್ರೆ ಊರ ದೇವಸ್ಥಾನದ ಮುಂದಿನ ಶಾಸನದಲ್ಲಿ ಏನಿದೆ ಅಂತ ಯಾರಾದ್ರೂ ಕೇಳಿದ್ರೆ 'ಏನೋ ಹಳೆಗನ್ನಡ' ಅನ್ನೋದು, 'ದೇವರ ಸ್ತುತಿ' ಅಂದು ಮುಂದೆ ನಡೆದ ಗೈಡ್‌ನ ಉತ್ತರದ ಅಣ್ಣತಮ್ಮನೇ.

ಹಾಗಾಗಿ ಅಲ್ಹಾಂಬ್ರಾಗೆ ಹೋಗೋ ಅವಕಾಶ ಸಿಕ್ರೆ ಖಂಡಿತ ಹೋಗಿ. ಟಿಕೆಟ್ ಬೇಗ ಬುಕ್ ಮಾಡಿ, ಸ್ಲಾಟ್ ತಪ್ಪಿಸ್ಬೇಡಿ, ಗೋಡೆ ಮುಟ್ಟಬೇಡಿ. ಗೈಡ್ ಇದ್ರೆ ನಮ್ಮಮ್ಮ ಕೇಳಿದ ಪ್ರಶ್ನೆಯನ್ನೇ ಕೇಳಿ, ಅರ್ಧ ಉತ್ತರ ಬಂದ್ರೆ ಇನ್ನೊಂದು ಸಲ ಕೇಳಿ. ಹತ್ತು ಜನ ಕೇಳಿದ್ರೆ ಗೈಡ್‌ಗಳೂ ಓದಿಕೊಂಡು ಬರ್ತಾರೆ. ಆರು ನೂರೈವತ್ತು ವರ್ಷದಿಂದ ಮಾತಾಡ್ತಾನೇ ಇರೋ ಗೋಡೆ ಅದು. ಒಂದು ಸಾಲು ಕೇಳಿಸಿಕೊಂಡು ಬನ್ನಿ.